ನಡುವಿನ ಸೀಟಿನ ಖರ್ಜೂರ

ಘಟ್ಟದ ಮೇಲಿನವರಿಗೆ ತುಳು ಬರುವುದಿಲ್ಲ ಎಂದು ಕರಾವಳಿಯವರಿಗೆ ಒಂದು ಗಟ್ಟಿ ನಂಬಿಕೆ. ಆ ನಂಬಿಕೆಯ ಮೇಲೆಯೇ ಕೀರ್ತನ್ ಇಡೀ ಚಳಿಗಾಲ ತನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ನನ್ನ ಎದುರಿಗೇ ಒಂದು ನಾಯಿಗೆ ಹೇಳುತ್ತ ಬಂದ.

ನಾನು ನಿವೇದಿತಾ, ಧಾರವಾಡದವಳು, ದುಬೈನಿಂದ ಒಂದೂವರೆ ಗಂಟೆ ದಾರಿಯ ಅಲ್ ಐನ್‌ನ ಒಂದು ಕ್ಲಿನಿಕ್ಕಿನಲ್ಲಿ ಪಶುವೈದ್ಯೆ. ನನ್ನ ರೂಮ್‌ಮೇಟ್ ದೀಪ್ತಿ ಪುತ್ತೂರಿನ ನರ್ಸ್. ದಿನಾ ಊರಿಗೆ ಫೋನು ಹಚ್ಚಿ ಅಮ್ಮನ ಜೊತೆ ತುಳುವಿನಲ್ಲಿ ಹರಟುವ ಅವಳೊಡನೆ ಮೂರು ವರ್ಷ ಒಂದೇ ಕೋಣೆಯಲ್ಲಿದ್ದರೆ ಗೋಡೆಗೂ ತುಳು ಬರುತ್ತದೆ. ಕೀರ್ತನ್‌ಗೆ ಇದು ಗೊತ್ತಿರಲಿಲ್ಲ. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮರಳುಗಾಡಿನಲ್ಲಿ ಸಿಕ್ಕ ಅನಾಥ ನಾಯಿಗಳಿಗೆ ಮನೆ ಹುಡುಕಲು ಶುಕ್ರವಾರಗಳಂದು ದುಬೈನ ಒಂದು ಪಾರ್ಕಿನಲ್ಲಿ ಜನ ಸೇರುತ್ತಿದ್ದರು. ಕೀರ್ತನ್ ಉಡುಪಿಯವನು, ನಾಯಿಗಳ ಆಹಾರ ಮಾರುವ ಕಂಪನಿಯಲ್ಲಿದ್ದ. ರಜೆಯ ದಿನ ಕಂಪನಿಯ ಪಿಕಪ್ ಕೇಳಿ ಪಡೆದು, ನಮ್ಮ ಕ್ಲಿನಿಕ್ಕಿನ ನಾಯಿಗಳನ್ನೂ ನನ್ನನ್ನೂ ಕರೆದೊಯ್ಯಲು ದುಬೈನ ಇಂಟರ್‌ನ್ಯಾಷನಲ್ ಸಿಟಿಯಿಂದ ಅಲ್ ಐನ್‌ವರೆಗೆ ಬರುತ್ತಿದ್ದ. ಹಿಂದೆ ಬೋನುಗಳಲ್ಲಿ ಉಳಿದ ನಾಯಿಗಳು. ಮುಂದೆ, ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಖರ್ಜೂರ.

ಬಣ್ಣ ಹಾಗಿತ್ತೆಂದು ಆ ಹೆಸರು. ಬೋನಿಗೆ ಹಾಕಿದರೆ ಊರೆಲ್ಲ ಏಳುವಂತೆ ಊಳಿಡುತ್ತಿತ್ತು. ಒಂದು ಕಿವಿ ಹರಿದಿದ್ದರಿಂದ ಯಾರಿಗೂ ಬೇಡವಾಗಿ, ಪ್ರತಿ ಸಂಜೆ ನಮ್ಮ ಜೊತೆಗೇ ವಾಪಸ್ಸಾಗುತ್ತಿತ್ತು.

ಜನವರಿಯಲ್ಲಿ ಆ ರಸ್ತೆಯ ಡ್ರೈವಿಂಗ್ ಶತ್ರುವಿಗೂ ಬೇಡ. ಹೊರಗೆ ಮಂಜು, ಒಳಗೆ ಖರ್ಜೂರನ ಉಸಿರಿಗೆ ಗಾಜೆಲ್ಲ ಮಸುಕು. ಕಿಟಕಿ ಇಳಿಸಿದರೆ ಹಲ್ಲು ಕಟಕಟ, ಏರಿಸಿದರೆ ಒದ್ದೆ ನಾಯಿಯ ನಾತ. ಹೀಟರ್ ಹಾಕಿದರೆ ಖರ್ಜೂರ ಹಾಯಾಗಿ ಗೇರಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿತ್ತು. ಗಾಜು ಒರೆಸುವ ಕೆಲಸ ನನ್ನದು. ದುಪಟ್ಟಾದ ತುದಿ ಹಿಡಿದು ನಾನು ಕೀರ್ತನ್‌ನ ಮುಂದೆ ಬಾಗಿದಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಆಮೇಲೆ ಗಂಭೀರ ಮುಖ ಮಾಡಿಕೊಂಡು ಖರ್ಜೂರನಿಗೆ ತುಳುವಿನಲ್ಲಿ ಹೇಳುತ್ತಿದ್ದ: ನಿನ್ನ ಡಾಕ್ಟರ್ ಮೂಗು ಚಳಿಗೆ ಕೆಂಪಾಗುತ್ತದೆ ಮಾರಾಯ, ನಾನು ರಸ್ತೆ ನೋಡುವುದೋ ಮೂಗು ನೋಡುವುದೋ?

ನಾನು ಕಿಟಕಿಯ ಕಡೆ ತಿರುಗಿ ನಗು ನುಂಗುತ್ತಿದ್ದೆ. ಏನು ಹೇಳಿದಿರೆಂದು ಕೇಳಿದರೆ, ಸುಮ್ಮನೆ ಕೂರಲು ಹೇಳಿದೆ ಎನ್ನುತ್ತಿದ್ದ.

ಅವತ್ತು ಕೊನೆಯ ಪ್ರಯಾಣ. ದುಬೈನ ಸಿಲಿಕಾನ್ ಓಯಸಿಸ್‌ನ ಒಂದು ಕುಟುಂಬ ಹರಿದ ಕಿವಿಯನ್ನೂ ಮೆಚ್ಚಿ ಖರ್ಜೂರನನ್ನು ಒಪ್ಪಿತ್ತು. ಕ್ಲಿನಿಕ್ಕಿನಲ್ಲಿ ಬೇರೆ ಅನಾಥ ನಾಯಿ ಉಳಿದಿರಲಿಲ್ಲ. ನನಗೆ ಖುಷಿಯಾಗಬೇಕಿತ್ತು, ಆಗಿದ್ದು ಭಯ. ನಾಯಿ ಹೋದ ಮೇಲೆ ಇವನು ಯಾರಿಗೆ ಹೇಳುತ್ತಾನೆ? ತುಳು ಬರುತ್ತದೆಂದು ನಾನೇ ಬಾಯಿಬಿಟ್ಟರೆ, ನಾಚಿಕೊಂಡು ಇದ್ದ ಮಾತನ್ನೂ ನಿಲ್ಲಿಸಿಬಿಟ್ಟರೆ?

ಅರ್ಧ ದಾರಿಯ ಅಲ್ ಫಖಾ ಹತ್ತಿರ ಬರುವಷ್ಟರಲ್ಲಿ ರಸ್ತೆಯೇ ಮಾಯವಾಯಿತು. ಅವನು ಮೆಲ್ಲಗೆ ಹೆದ್ದಾರಿ ಬಿಟ್ಟು ಪೆಟ್ರೋಲ್ ಬಂಕಿನ ಹಿಂಬದಿಗೆ ಹೋಗಿ ಗಾಡಿ ನಿಲ್ಲಿಸಿದ. ಮಂಜು ತಿಳಿಯಾಗುವ ತನಕ ಇಲ್ಲೇ ಇರೋಣ ಎಂದು, ಖರ್ಜೂರನನ್ನು ಕರೆದುಕೊಂಡು ಇಳಿದ. ನಾಲ್ಕು ಹೆಜ್ಜೆಗೆ ಇಬ್ಬರೂ ಕಾಣದಾದರು.

ನಾನೂ ಇಳಿದೆ. ಮರಳೂ ಇಲ್ಲ, ಆಕಾಶವೂ ಇಲ್ಲ. ಭೂಮಿಯನ್ನು ಇನ್ನೂ ಮಾಡಿ ಮುಗಿಸಿಲ್ಲವೇನೋ ಅನ್ನಿಸುವಂಥ ಬಿಳುಪು. ಅಷ್ಟು ದೊಡ್ಡ ಮೌನವನ್ನು ನಾನು ಎಂದೂ ಕೇಳಿರಲಿಲ್ಲ. ಅದರೊಳಗಿನಿಂದ ಕೀರ್ತನ್‌ನ ದನಿ ಬಂತು, ತುಳುವಿನಲ್ಲಿ.

ನಿನಗೆ ಮನೆ ಸಿಕ್ಕಿತಲ್ಲ ಮಗನೇ, ಎನ್ನುತ್ತಿದ್ದ. ನಾಳೆಯಿಂದ ನಿನ್ನ ಡಾಕ್ಟರನ್ನು ನೋಡಲು ನನಗೆ ಯಾವ ನೆಪವಿದೆ? ಮದುವೆಯಾಗುತ್ತೀರಾ ಎಂದು ಕೇಳಲು ಎಷ್ಟೋ ಸಲ ಬಾಯಿ ತೆರೆದೆ. ನಿನಗೆ ಕೂರಲು ಹೇಳಿ ಮುಚ್ಚಿದೆ.

ನನ್ನ ಕಣ್ಣು ತುಂಬಿತು. ಮಂಜಿನಲ್ಲಿ ನನ್ನ ಮುಖ ಕಾಣುವುದಿಲ್ಲ ಎಂಬುದೊಂದೇ ಧೈರ್ಯ.

"ಎಂಕ್ ತುಳು ಬರ್ಪುಂಡು," ಎಂದೆ. ನನಗೆ ತುಳು ಬರುತ್ತದೆ ಎಂದು ತುಳುವಿನಲ್ಲಿಯೇ.

ಅತ್ತಲಿಂದ ಖರ್ಜೂರನ ಏದುಸಿರಷ್ಟೇ ಕೇಳಿತು. ಓಡಿಹೋದನೋ ಏನೋ ಅಂದುಕೊಂಡೆ.

ಅಷ್ಟರಲ್ಲಿ ಸೂರ್ಯ ಏರಿ ಬಿಳುಪಿಗೆ ಬಣ್ಣ ಬಂತು. ಮೊದಲು ಹಾಲಿಗೆ ಕೇಸರಿ ಹಾಕಿದಷ್ಟು, ಆಮೇಲೆ ಬಂಗಾರ. ಮಂಜು ನೆಲದಿಂದ ಎದ್ದು ಹೋದಂತೆ ಮರಳಿನ ದಿಬ್ಬಗಳು ಒಂದೊಂದಾಗಿ ಕಂಡವು. ನಮ್ಮಿಬ್ಬರ ನಡುವೆಯೇ, ಕೈ ಚಾಚಿದರೆ ಸಿಗುವಂತೆ, ಒಂಟೆಗಳ ಸಾಲೊಂದು ಹಾದುಹೋಗುತ್ತಿತ್ತು. ಅಷ್ಟು ಹತ್ತಿರ ಅಷ್ಟು ದೊಡ್ಡ ಜೀವಗಳಿದ್ದದ್ದು ನಮಗೆ ತಿಳಿದೇ ಇರಲಿಲ್ಲ. ಖರ್ಜೂರ ಕೂಡ ಬೊಗಳುವುದನ್ನು ಮರೆತು ಕತ್ತೆತ್ತಿ ನೋಡುತ್ತ ನಿಂತಿತ್ತು. ಒಂಟೆಗಳು ದಾಟಿದ ಮೇಲೆ ಕೀರ್ತನ್ ಕಂಡ. ಅವನ ಮುಖವೇ ನನ್ನ ಮೂಗಿಗಿಂತ ಕೆಂಪಾಗಿತ್ತು.

"ಯಾವತ್ತಿಂದ?" ಎಂದ.

"ಮೊದಲ್ನೇ ದಿನದಿಂದ್ರೀ."

"ಮೂಗಿನ ವಿಷಯ?"

"ಅದನ್ನೂ ಕೇಳೇನಿ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಹತ್ತಿರ ಹೋಗಿ ನಿಂತೆ. "ನಾಯಿಗೆ ಹೇಳಿದ್ದು ಸಾಕು. ಈಗ ನನಗ ಹೇಳ್ರಿ."

ಕೈ ತೆಗೆದು ನನ್ನನ್ನು ನೋಡಿದ. "ನಂಗೆ ನೀವು ಬೇಕು, ನಿವೇದಿತಾ," ಎಂದ. ಅಲ್ಲಿಯತನಕ ನಾನು ಬರೀ ಡಾಕ್ಟ್ರು. "ಇದಕ್ಕಿಂತ ಚಂದ ಮಾಡಿ ಹೇಳ್ಲಿಕ್ಕೆ ನಂಗೆ ಕನ್ನಡದಲ್ಲಿ ಬರುದಿಲ್ಲ."

ನಾನು ಹೋಗಿ ಗಾಡಿ ಹತ್ತಿ, ನಡುವಿನ ಸೀಟಿನಲ್ಲಿ ಕುಳಿತೆ. ಖರ್ಜೂರ ಒಂದು ಗಳಿಗೆ ಗೊಂದಲದಿಂದ ನನ್ನನ್ನು ನೋಡಿ, ಖಾಲಿಯಾದ ಕಿಟಕಿ ಪಕ್ಕದ ಸೀಟಿಗೆ ಹತ್ತಿ ಕೂತಿತು.

ಕೀರ್ತನ್ ಬಂದು ಕೂತವನು ಕೀಲಿ ತಿರುಗಿಸಲಿಲ್ಲ. "ಮುಂದಿನ ಶುಕ್ರವಾರ ನಾಯಿ ಇಲ್ಲಲ್ಲ?" ಎಂದ.

"ನಾಯಿ ಇಲ್ರೀ. ನಾ ಅದೀನಿ. ಕರಕೊಂಡು ಹೋಗಾಕ ಬರ್ರಿ."

ಗಾಡಿ ಹೊರಟಿತು. ಗಾಜು ಪೂರ್ತಿ ತಿಳಿಯಾಗಿತ್ತು. ಆದರೂ ನಾನು ದುಪಟ್ಟಾದ ತುದಿ ಹಿಡಿದು ಅವನ ಮುಂದೆ ಬಾಗಿ ಒರೆಸಿದೆ.