ಭಾನುವಾರ ಒಣಗುತ್ತಿದ್ದ ಪೆಟ್ಟಿಗೆ

"ನನ್ನ ಪೆಟ್ಟಿಗೆ ಸುಳ್ಳು ಹೇಳ್ತಿದೆ ಅಜ್ಜಾರೇ. ಇಲ್ಲಾಂದ್ರೆ ನಾನೇ ಸುಳ್ಳಿ!" ಎಂದು ವಿಜ್ಞಾನದ ಟೀಚರ್ ಬಾಗಿಲಲ್ಲೇ ಕಣ್ಣೀರು ಹಾಕಿದರು.

ನನ್ನ ಮಾವ ಪ್ರಾರ್ಥನೆ ಮುಗಿಸಿಯೇ ಕಣ್ಣು ತೆರೆದರು. ಮೂವತ್ತು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತರಾದವರು. ಕಳ್ಳತೂಕವೆಲ್ಲಿದ್ದರೂ ಊರು ಅವರನ್ನೇ ಕರೆಯುತ್ತಿತ್ತು. ಅವರ ಚೀಲ ಹೊತ್ತು ಹಿಂದೆ ನಡೆಯುವ ಸೊಸೆ ನಾನು.

"ತಕ್ಕಡಿ ತಾನಾಗೇ ಸುಳ್ಳು ಹೇಳಲ್ಲಮ್ಮ. ಕೂತ್ಕೊಂಡು ಹೇಳು."

ಶಾಲೆಯೆದುರು ಎರಕದ ಕಾರ್ಖಾನೆ. ಮಕ್ಕಳಿಗೆ ಕೆಮ್ಮು ಬಿಟ್ಟಿರಲಿಲ್ಲ. ಟೀಚರ್ ಅಗ್ಗದ ಸೆನ್ಸರಿನಿಂದ ಧೂಳಳೆಯುವ ಪೆಟ್ಟಿಗೆ ಮಾಡಿ ಕಿಟಕಿಯಾಚೆ ತೂಗುಹಾಕಿದ್ದರು. ಅಂಥ ಸೆನ್ಸರ್ ತೇವದ ಹನಿಯನ್ನೂ ಧೂಳೆಂದೇ ಎಣಿಸುತ್ತದೆ. ಹಾಗಾಗಿ ಕೆಳಗೊಂದು ತೇವಮಾಪಕವಿಟ್ಟು, ತೇವ ಏರಿದಷ್ಟೂ ಧೂಳಿನ ಅಂಕಿ ಇಳಿಸುವ ತಿದ್ದುಪಡಿ ಮಾಡಿದ್ದರು. ಸರ್ಕಾರದ ದೊಡ್ಡ ಯಂತ್ರದ ಪಕ್ಕ ಎರಡು ವಾರ ಇಟ್ಟಾಗ ಎರಡರ ಅಂಕಿಯೂ ತಾಳೆಯಾಗಿತ್ತು. ಶಾಲೆಯಲ್ಲಿ ಮೊದಲ ವಾರ ಅಂಕಿ ಮಿತಿ ಮೀರಿತ್ತು. ಆಮೇಲಿನ ತಿಂಗಳಿಡೀ ವಾರದ ಸರಾಸರಿ ಗಾಳಿ ಶುದ್ಧವೆನ್ನುತ್ತಿತ್ತು. ಅಂದು ಸಂಜೆಯೇ ಸಭೆ. ಅಂಕಿ ಮಿತಿ ಮೀರಿದ್ದರೆ ಮಾತ್ರ ಹೊಗೆ ಸೋಸುವ ಯಂತ್ರ ಹಾಕಿಸುವುದಾಗಿ ಕಾರ್ಖಾನೆ ಯಜಮಾನ ಮಾತು ಕೊಟ್ಟಿದ್ದ.

"ಧೂಳಿನ ಸೆನ್ಸರ್ ಮೂರು ಸಲ ಬಿಚ್ಚಿ ನೋಡಿದೆ."

"ತೇವಮಾಪಕ?"

"ಅದರ ಮೇಲ್ಯಾಕೆ ಅನುಮಾನ ಬರಬೇಕು?"

ಮಾವ ನಕ್ಕು ಚಪ್ಪಲಿ ಮೆಟ್ಟಿದರು.

ಶಾಲೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದ ಕಪ್ಪುಹಲಗೆ ಕಣ್ಣೆದುರೇ ಒಣಗಿತು, ಅಂಥ ಒಣಹವೆ. ಹೆಡ್ಮಾಸ್ತರರು ಬೆರಳನ್ನು ನಾಲಿಗೆಗೆ ತಾಗಿಸಿ ತಾಗಿಸಿ ಹಾಜರಿ ಪುಸ್ತಕ ತಿರುವುತ್ತಿದ್ದರು. ಮೇಜಿನ ಮೇಲೆ ಬೆರಳು ಒದ್ದೆ ಮಾಡುವ ಬಟ್ಟಲು ಖಾಲಿ ಕೂತಿತ್ತು. ಮಾವ ಪೆಟ್ಟಿಗೆಯ ದಿನದಿನದ ದಾಖಲೆ ಓದಿ ಒಂದೇ ಪ್ರಶ್ನೆ ಕೇಳಿದರು: "ಭಾನುವಾರ ಕುಲುಮೆ ಆರಿಸ್ತಾರಾ?"

"ಒಂದು ದಿನವೂ ಆರಿಸಲ್ಲ," ಎಂದರು ಟೀಚರ್.

ಸಂಜೆ ಹೆಡ್ಮಾಸ್ತರರ ಕೋಣೆಯಲ್ಲಿ ಎಲ್ಲರೂ ಸೇರಿದರು. ಯಜಮಾನ ಮೀಸೆಯಡಿ ನಕ್ಕ. "ನಿಮ್ಮ ಪೆಟ್ಟಿಗೇನೇ ನನ್ನ ಪರ ಸಾಕ್ಷಿ ಹೇಳ್ತಿದೆಯಲ್ಲ ಟೀಚರಮ್ಮ!"

"ಸಾಕ್ಷೀನ ಯಾರೋ ಕೆಡಿಸಿದಾರೆ," ಎಂದರು ಮಾವ. "ಹಲಗೆ ಕ್ಷಣದಲ್ಲಿ ಒಣಗೋ ಹವೆಯಲ್ಲಿ ಈ ಪೆಟ್ಟಿಗೆ ಮಳೆಗಾಲದ ತೇವ ಬರೆದಿದೆ. ತೇವ ಜಾಸ್ತಿ ಅಂತ ನಂಬಿ ನಿಜವಾದ ಧೂಳನ್ನೂ ಕಳೆದುಹಾಕಿದೆ. ಭಾನುವಾರ ಮಾತ್ರ ತೇವ ಇಳಿದು ಧೂಳು ಏರಿದೆ. ಕುಲುಮೆಗೆ ರಜೆ ಇಲ್ಲ. ರಜೆ ಇರೋದು ಶಾಲೆಗೆ. ಅಂದ್ರೆ ತೇವಮಾಪಕಾನ ದಿನಾ ಒದ್ದೆ ಮಾಡೋ ಕೈ ಶಾಲೆಯೊಳಗಿನದು. ಈ ತಿದ್ದುಪಡಿ ವಿಷಯ ಯಾರಿಗೆ ಹೇಳಿದ್ದೆಯಮ್ಮ?"

"ಹೆಡ್ಮಾಸ್ತರಿಗೆ ಮಾತ್ರ," ಟೀಚರ್ ಅವರತ್ತ ತಿರುಗಿದರು.

ಮಾವ ಕಿಟಕಿಯಿಂದ ಪೆಟ್ಟಿಗೆ ಇಳಿಸಿ ಕೆಳಮುಚ್ಚಳ ತೆಗೆದರು. ತೇವಮಾಪಕಕ್ಕೆ ಒತ್ತಿಕೊಂಡು ಹಳದಿ ಸ್ಪಂಜೊಂದು ಕೂತಿತ್ತು. ಮೇಜಿನ ಮೇಲಿದ್ದ ಖಾಲಿ ಬಟ್ಟಲಿಗೆ ಅದನ್ನಿಟ್ಟರು. ಅಚ್ಚುಕಟ್ಟಾಗಿ ಕೂತಿತು.

ಹೆಡ್ಮಾಸ್ತರರು ಕೈ ಮುಗಿದರು. "ಗಾಳಿ ಕೆಟ್ಟಿದೆ ಅಂತ ಗೊತ್ತಾದ್ರೆ ಶಾಲೆ ಮುಚ್ತಾರೆ ಅಂತ ಹೆದರಿಬಿಟ್ಟೆ, ಸ್ವಾಮಿ."

"ಮಕ್ಕಳ ಉಸಿರು ದೇವರದ್ದು ಮಾಸ್ತರೇ. ಅದರ ತೂಕ ನಾವು ತಿದ್ದಬಾರದು. ಭಾನುವಾರದ ಅಂಕಿ ನೀವೇ ಓದಿ."

ನಾಲ್ಕು ಭಾನುವಾರ. ನಾಲ್ಕೂ ಮಿತಿಯ ದುಪ್ಪಟ್ಟು. ಕಿಟಕಿಯಾಚೆ ಯಾವುದೋ ಮಗು ಕೆಮ್ಮಿತು. ಯಜಮಾನ ಅತ್ತ ತಿರುಗಿದ.

"ಕೊಟ್ಟ ಮಾತು ಕೊಟ್ಟ ಹಾಗೇ. ಯಂತ್ರ ಹಾಕಿಸ್ತೀನಿ."

"ನಾನು ಇನ್ನೊಂದು ತೇವಮಾಪಕ ದೂರದಲ್ಲಿಡ್ತೀನಿ," ಎಂದರು ಟೀಚರ್. "ಒಂದಕ್ಕೊಂದು ಕಾವಲು."

ಒಪ್ಪಂದಕ್ಕೆ ಸಹಿ ಹಾಕಲು ಹೆಡ್ಮಾಸ್ತರರು ಹಾಳೆ ತಿರುವಬೇಕಾಯಿತು. ಬೆರಳು ಅಭ್ಯಾಸದಂತೆ ನಾಲಿಗೆಯತ್ತ ಹೋಯಿತು. ತಡೆದರು. ಬಟ್ಟಲಿನ ಸ್ಪಂಜಿಗೆ ಒತ್ತಿ, ಹಾಳೆ ತಿರುವಿದರು.