ಪಂಪು ಪುಕ್ಕಟೆ, ಫಿಟ್ಟಿಂಗ್ ಯಾರ ಲೆಕ್ಕ?

"ದೂ ಅಣ್ಣ, ಕೈಲಿರೋದನ್ನ ಕೆಳಗಿಡು. ಇಟ್ರೆ ನಿನ್ ಕೈ ನಿನ್ ಹತ್ರಾನೇ ಇರುತ್ತೆ."

ಹೇಳಿದವನು ಆ-ಕುನ್. ತೈವಾನಿನ ತೈಚುಂಗ್ ಊರಾಚೆಯ ಗುಜರಿ ಅಂಗಳದ ಯಜಮಾನ. ಅವನ ಕೈಯಲ್ಲಿ ಮೂರಡಿ ಉದ್ದದ ಕಬ್ಬಿಣದ ಸರಳು. ನನ್ನ ಕೈಯಲ್ಲಿ ಕಾರಿನದೊಂದು ಸತ್ತ ವಾಟರ್ ಪಂಪ್.

ನಡುಹಗಲು. ಬೆನ್ನ ಹಿಂದೆ ಜಜ್ಜಿ ಪೇರಿಸಿದ ಕಾರುಗಳ ಗೋಡೆ. ನನ್ನನ್ನೂ ಅದರೊಳಗೆ ಸೇರಿಸಿದರೆ ಹುಡುಕಿಕೊಂಡು ಬರುವವರು ಯಾರೂ ಇರಲಿಲ್ಲ...

"ಗುಜರಿಗೆ ಇಷ್ಟು ಕಾವಲು ಯಾಕಪ್ಪಾ?" ಎಂದೆ.

ಅವನ ಕಣ್ಣು ಫೋನಿನ ಕಡೆ ಹೊರಳಿತು. ಅಷ್ಟು ಸಾಕಾಯಿತು ನನಗೆ. ಫಾಂಗ್ ಆಗಲೇ ಫೋನ್ ಮಾಡಿದ್ದ!

ಫಾಂಗ್‌ದು ಕಾರಿನ ಬಿಡಿಭಾಗಗಳ ಅಂಗಡಿ. ಲ್ಯಾವ್ ಅಕ್ಕ ಅವನ ಗಿರಾಕಿ. ಟ್ಯಾಕ್ಸಿ ಓಡಿಸುವ ಹೆಂಗಸು. ಗಂಡ ಸಾಯುವಾಗ ಬಿಟ್ಟುಹೋದದ್ದು ಆ ಹಳದಿ ಕಾರೊಂದೇ. ಹೊಸ ಪಂಪ್ ಹಾಕಿಸಿದ ಹನ್ನೆರಡನೇ ದಿನ, ಹೆದ್ದಾರಿಯ ನಡುವೆ ಇಂಜಿನ್ ಕುದಿದು ನಿಂತಿತು. ಫಾಂಗ್ ಚಕಾರ ಎತ್ತದೆ ಇನ್ನೊಂದು ಪಂಪ್ ಕೊಟ್ಟ. ಆದರೆ ಅದನ್ನು ಕೂರಿಸಬೇಕಲ್ಲ? ರೇಡಿಯೇಟರ್ ಇಳಿಸಬೇಕು, ಬೆಲ್ಟ್ ಬಿಚ್ಚಬೇಕು... ಎರಡನೇ ಸಲದ ಫಿಟ್ಟಿಂಗ್ ಕೂಲಿ ಆರು ಸಾವಿರ. ಅವಳ ಮೂರು ದಿನದ ದುಡಿಮೆ. ಕೊಡುವ ತನಕ ಗ್ಯಾರೇಜಿನವನು ಕಾರಿನ ಕೀ ಕೊಡುವುದಿಲ್ಲ. ಕಾರಿಲ್ಲದೆ ಅವಳು ದುಡಿಯುವುದು ಹೇಗೆ?

ಫಿಟ್ಟಿಂಗ್ ತನ್ನ ತಲೆನೋವಲ್ಲ ಎಂದು ಫಾಂಗ್ ನಕ್ಕನಂತೆ.

"ಕೆಟ್ಟ ಪಂಪ್ ಎಲ್ಲಿ ಅಕ್ಕಾ?" ಎಂದು, ಸಹಾಯ ಕೇಳಿ ನನ್ನ ಹತ್ತಿರ ಬಂದವಳನ್ನು ಕೇಳಿದ್ದೆ.

ಅವಳು ತಲೆ ತಗ್ಗಿಸಿದಳು. ಫಾಂಗ್ ಚಹಾ ಕುಡಿಸಿ, ಹೊಸ ಪಂಪನ್ನು ಎರಡೂ ಕೈಯಿಂದ ನೀಡಿದ್ದ. ಹಾಗೆ ಕೊಟ್ಟವರ ಎದುರು ನಮ್ಮಲ್ಲಿ ಯಾರಿಗೂ ಬರಿಗೈಯಲ್ಲಿ ನಿಂತು ಅಭ್ಯಾಸವಿಲ್ಲ. ಇವಳೂ ಹಳೆಯದನ್ನು ಎರಡೂ ಕೈಯಿಂದ ಒಪ್ಪಿಸಿ, ಬಾಗಿ ನಮಸ್ಕರಿಸಿ ಬಂದಿದ್ದಳು. ಮರ್ಯಾದೆಯ ಜೊತೆ ಸಾಕ್ಷಿಯೂ ಹೋಯಿತು!

ಫಾಂಗ್‌ನ ಗುಜರಿಯೆಲ್ಲ ಬಂದು ಬೀಳುವುದು ಇಲ್ಲಿಗೇ. ಅದಕ್ಕೇ ಅವಳ ಪಂಪ್ ಹುಡುಕಿಕೊಂಡು ನಾನು ಇಲ್ಲಿಗೆ ಬಂದಿದ್ದೆ.

ಆ-ಕುನ್ ಸರಳು ಬೀಸಿದ. ನಾನು ಬಗ್ಗಿದೆ. ಹಿಂದಿದ್ದ ಬಾನೆಟ್ ಗಂಟೆಯಂತೆ ಮೊಳಗಿತು.

ಓಡಿದೆ!

ಸ್ಕೂಟರ್ ಹತ್ತಿದೆ. ಅವನೂ ತನ್ನದನ್ನು ಹತ್ತಿ ಬೆನ್ನಟ್ಟಿದ. ಮೀನು ಮಾರುಕಟ್ಟೆಯ ಸಂದಿಯಲ್ಲಿ ನುಗ್ಗಿ, ಐಸ್ ಪೆಟ್ಟಿಗೆಗಳ ಹಿಂದೆ ಸ್ಕೂಟರ್ ಸಮೇತ ಅವಿತೆ. ಅವನು ಮುಂದೆ ಹಾದುಹೋದ. ಆ ಬಿಡುವಿನಲ್ಲೇ ಪಂಪನ್ನು ತಿರುಗಿಸಿ ನೋಡಿದ್ದು. ನೋಡಿ ಒಬ್ಬನೇ ನಕ್ಕೆ. ತೋರಿಸಲು ಪಕ್ಕದಲ್ಲಿ ಯಾರಾದರೂ ಇರಬೇಕಿತ್ತು ಎನಿಸಿತು...

ಅಕ್ಕನ ದೂರಿನ ಮೇಲೆ ಎರಡು ಗಂಟೆಗೆ ವಲಯ ಕಚೇರಿಯಲ್ಲಿ ರಾಜಿ ಸಮಿತಿ ಸೇರುವುದಿತ್ತು. ಅಲ್ಲಿ ಸಹಿ ಬಿದ್ದ ಕಾಗದಕ್ಕೆ ಕೋರ್ಟಿನ ಬಲ. ಬಾಗಿಲಲ್ಲಿ ಪೊಲೀಸರಿದ್ದರು. ಮತ್ತೆ ಬೆನ್ನು ಹತ್ತಿ ಬಂದಿದ್ದ ಆ-ಕುನ್ ಎದುರು ರಸ್ತೆಯಲ್ಲೇ ಉಳಿದ.

ಒಳಗೆ ವೆನ್ ಮೇಷ್ಟ್ರು ಚಹಾ ಬಗ್ಗಿಸುತ್ತಿದ್ದರು. ಸ್ಕೂಲಿನಿಂದ ನಿವೃತ್ತರಾಗಿ ಈಗ ಸಮಿತಿಗೆ ಹಿರಿಯರು. ಮೊದಲು ಚಹಾ, ಆಮೇಲೆ ಜಗಳ ಎಂದರು. ಫಾಂಗ್ ಬಹಳ ಸಿಹಿಯಾಗಿ ಮಾತಾಡಿದ. ಕೆಟ್ಟದ್ದು ಪಂಪ್, ಕೊಟ್ಟದ್ದು ಪಂಪ್. ಯಾವನೋ ಮೆಕ್ಯಾನಿಕ್ಕನ ಕೂಲಿಗೂ ತನಗೂ ಏನು ಸಂಬಂಧ? ಅಕ್ಕ ಆಗಲೇ ಒಪ್ಪಿ ಏಳುವವಳಿದ್ದಳು.

ನಾನು ಪಂಪನ್ನು ಮೇಜಿನ ಮೇಲಿಟ್ಟೆ. ಫಾಂಗ್‌ನ ಬಟ್ಟಲು ತುಟಿಯ ಬಳಿಯೇ ನಿಂತಿತು.

ಮಾರಿದ ಪ್ರತಿ ಪಾರ್ಟಿನ ಮೇಲೂ ಬಿಳಿ ಪೇಂಟಿನಲ್ಲಿ ತಾರೀಕು ಬರೆಯುವುದು ಅವನ ಅಂಗಡಿಯ ಕ್ರಮ. ಇದರ ಮೇಲೂ ಇತ್ತು. ಅಕ್ಕ ಕೊಂಡ ದಿನ, ಜೂನ್ ಮೂರು. ಅದರ ಅಡಿಯಲ್ಲಿ, ಉಜ್ಜಿದರೂ ಪೂರ್ತಿ ಹೋಗದ ಇನ್ನೊಂದು. ಮಾರ್ಚ್ ಹತ್ತೊಂಬತ್ತು.

"ಫಾಂಗ್ ಸಾಹುಕಾರ್ರೇ, ಮಾರ್ಚ್‌ನಲ್ಲಿ ಇದನ್ನ ಕೊಂಡು, ಕೆಟ್ಟಿದೆ ಅಂತ ವಾಪಸ್ ಕೊಟ್ಟವರು ಯಾರು?"

ಅವನು ಬಟ್ಟಲು ಕೆಳಗಿಟ್ಟ.

"ಆರು ಸಾವಿರ ತಾನೆ?" ಎಂದ.

"ಟೋಯಿಂಗ್ ಸೇರಿ ಒಂಬತ್ತು," ಎಂದವಳು ಲ್ಯಾವ್ ಅಕ್ಕ! ಈ ಸಲ ತಲೆ ತಗ್ಗಿರಲಿಲ್ಲ.

ಮೇಷ್ಟ್ರು ಪೆನ್ನು ಮುಂದೆ ಸರಿಸಿದರು. ಫಾಂಗ್ ಸಹಿ ಹಾಕಿ ದುಡ್ಡು ಎಣಿಸಿದ.

ಸಂಜೆ ಗ್ಯಾರೇಜಿನಿಂದ ಹಳದಿ ಕಾರು ಹೊರಬಂತು. ಅಕ್ಕ ಕಿಟಕಿ ಇಳಿಸಿದಳು.

"ಹತ್ತು ದೂ ಅಣ್ಣ, ಸ್ಕೂಟರ್ ನಾಳೆ ತಗೊಂಡ್ರಾಯ್ತು, ಮನೆಗೆ ಬಿಡ್ತೀನಿ. ಕಾಯ್ತಿರ್ತಾರೆ."

"ರೈಸ್ ಕುಕ್ಕರ್ ಬಿಟ್ರೆ ಯಾರೂ ಇಲ್ಲಕ್ಕಾ."

"ನಂಗೂ ಅದೇ. ಹತ್ತು."

ಹತ್ತಿದೆ. ಅವಳು ಕನ್ನಡಿ ಸರಿಮಾಡಿಕೊಂಡು, ಅಭ್ಯಾಸಬಲದಿಂದ ಮೀಟರ್ ಒತ್ತಿದಳು.

ನಾನು ಮೀಟರ್ ಓಡಲು ಬಿಟ್ಟೆ. ಎಷ್ಟು ದೂರ ಬಂದೆ ಎಂದು ನನ್ನ ಲೆಕ್ಕ ಇಟ್ಟವರು ಯಾರೂ ಇರಲಿಲ್ಲ... ಕಿಲೋಮೀಟರಿಗೆ ಇಷ್ಟು ಅಂತಲೇ ಆಗಲಿ, ಒಬ್ಬರಾದರೂ ಇಡಲಿ ಬಿಡಿ!