ಪಂಪ್ ಬಿಚ್ಚಿದ ಭಾನುವಾರ

"ಯಾರು ಕರೆದಿದ್ದು ನಿನ್ನನ್ನ?"

ಪಿಕಪ್ ಗಾಡಿಯ ಕೆಳಗೆ ಅಂಗಾತ ಮಲಗಿದ್ದ ಅವಳಿಗೆ ಕಂಡದ್ದು ಎರಡು ಬೂಟುಗಳು ಮಾತ್ರ. ಎಡಗಾಲಿನ ಲೇಸು ಎಂದಿನಂತೆ ಬಿಚ್ಚಿಕೊಂಡಿತ್ತು. ಮೂರು ತಿಂಗಳಿಂದ ಮುಖ ನೋಡದಿದ್ದರೂ ಆ ಲೇಸನ್ನು ಗುರುತಿಸಲು ಅವಳಿಗೆ ಅರೆಕ್ಷಣ ಸಾಕಾಯಿತು. ಎದೆ ಧಸಕ್ಕೆಂದಿತು... ಹಾಗೆ ಧಸಕ್ಕೆಂದದ್ದಕ್ಕೇ ಸಿಟ್ಟೂ ಬಂತು!

"ಯಾರೂ ಕರೀಲಿಲ್ಲ. ನೀನು ಫ್ಯೂಯೆಲ್ ಪಂಪ್ ತಗೊಂಡು ಹೋದೆ ಅಂತ ಸ್ಪೇರ್ ಪಾರ್ಟ್ಸ್ ಅಂಗಡಿಯವರು ಹೇಳಿದ್ರು."

"ನನ್ನ ಗಾಡಿ, ನನ್ನ ಅಂಗಳ, ನನ್ನ ಪಂಪ್. ನಿನಗೇನು ಕೆಲಸ ಇಲ್ಲಿ?"

"ಕೆಲಸ ಏನಿಲ್ಲ. ಸುಮ್ನೆ ಕೂತಿರ್ತೀನಿ."

ಅವಳು ತೆವಳಿಕೊಂಡು ಹೊರಗೆ ಬಂದಳು. ಅವನ ಕೈಯಲ್ಲಿ ಟೂಲ್ ಬಾಕ್ಸ್ ಇರಲಿಲ್ಲ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇತ್ತು.

"ಇದ್ಯಾಕೆ? ನಮ್ಮನೆಗೆ ಬೆಂಕಿ ಬಿದ್ದಿದ್ಯಾ?"

"ಬೀಳದೇ ಇರ್ಲಿ ಅಂತ."

ಎಷ್ಟು ಕೊಬ್ಬು ಇವನಿಗೆ! ನಾನು ಕೈ ಹಾಕಿದರೆ ಗಾಡಿ ಸುಟ್ಟೇಹೋಗುತ್ತದೆ ಅಂದುಕೊಂಡಿದ್ದಾನೆ...

"ಕೂತ್ಕೋ. ಆದ್ರೆ ಒಂದು ಸ್ಪ್ಯಾನರ್ ಮುಟ್ಟಬಾರ್ದು, ಒಂದು ಮಾತು ಆಡಬಾರ್ದು."

"ಸರಿ. ಸೀಟಿನ ಕೆಳಗೆ ಒಂದ್ಸಲ..."

"ಒಂದು ಮಾತೂ ಬೇಡ ಅಂದೆ!"

ಅವನು ಬಾಯಿ ಮುಚ್ಚಿದ. ಮೂಲೆಯಲ್ಲಿದ್ದ ಬಕೆಟ್ ಬೋರಲು ಹಾಕಿ, ಸಿಲಿಂಡರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಕಿಟಕಿಯ ಪರದೆಯ ಸಂದಿಯಲ್ಲಿ ಅವಳ ಅಪ್ಪನ ಕನ್ನಡಕ ಒಮ್ಮೆ ಮಿಂಚಿ ಮರೆಯಾಯಿತು.

ಗಾಡಿ ಅಪ್ಪನದ್ದೇ. ಕಣ್ಣು ಮಂಜಾದ ಮೇಲೆ ಸ್ಟೀರಿಂಗ್ ಮಗಳ ಕೈಗೆ ಬಂದಿತ್ತು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವಳ ದುಡಿಮೆ. ಇವನು ಎರಡು ಬೀದಿ ಆಚೆಯ ಗ್ಯಾರೇಜಿನ ಮೆಕ್ಯಾನಿಕ್. ಹತ್ತು ಪ್ರಶ್ನೆಗೆ ಒಂದು ಉತ್ತರ ಕೊಡುವವನಾದ್ದರಿಂದ ಎಲ್ಲರ ಬಾಯಲ್ಲೂ 'ಮೌನಿ'. ಎರಡು ವರ್ಷ, ಪ್ರತಿ ಭಾನುವಾರ, ಇದೇ ಅಂಗಳದಲ್ಲಿ ಅವಳಿಗೆ ರಿಪೇರಿ ಕಲಿಸಿದ್ದ. ಸ್ಪ್ಯಾನರ್ ಹಿಡಿಯುವುದನ್ನು ಕಲಿಯುತ್ತ ಕಲಿಯುತ್ತ ಅವಳು ಅವನನ್ನೂ ಮನಸ್ಸಿಗೆ ಹಚ್ಚಿಕೊಂಡಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಆಮೇಲೆ ಆ ಮಧ್ಯಾಹ್ನ ಬಂತು.

ಸೇತುವೆಯ ನಟ್ಟನಡುವೆ ಗಾಡಿ ನಿಂತಿತ್ತು. ಪೈಪು ಸೀಳಿ ಪೆಟ್ರೋಲ್ ಸೋರುತ್ತಿತ್ತು. ಅವಳೇ ಕೆಳಗೆ ನುಗ್ಗಿ ಸೀಳು ಹುಡುಕಿ, ಪೈಪನ್ನು ಬಿಗಿಯಾಗಿ ಹಿಡಿದಿದ್ದಳು. ಸುತ್ತ ಜನ. ಹುಡುಗಿ ಡ್ರೈವರ್ ಎಂದು ಮೊದಲೇ ಹಲ್ಲುಕಿರಿಯುತ್ತಿದ್ದ ಜನ! ಓಡಿ ಬಂದ ಅವನು ಅವಳ ತೋಳು ಹಿಡಿದು ಹೊರಗೆಳೆದು ಕಿರುಚಿದ್ದ.

"ಆಚೆ ಹೋಗು! ಇದು ನಿನ್ನ ಕೈಲಾಗೋ ಕೆಲಸ ಅಲ್ಲ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತೇ ಅವನ ನಂಬರ್ ಬ್ಲಾಕ್ ಆಯಿತು. ಎರಡು ಸಲ ಮನೆಗೆ ಬಂದ. ಅವಳು ಬಾಗಿಲು ತೆಗೆಯಲಿಲ್ಲ.

ಈಗ ನೋಡಿದರೆ, ಮೊನ್ನೆಯಿಂದ ಗಾಡಿ ಸ್ಟಾರ್ಟೇ ಆಗುತ್ತಿಲ್ಲ. ಕೀ ತಿರುಗಿಸಿದ ಕೂಡಲೇ ಟ್ಯಾಂಕಿನೊಳಗಿಂದ ಕೇಳುತ್ತಿದ್ದ 'ಗುಂಯ್' ಸದ್ದು ನಿಂತಿದೆ. ಫ್ಯೂಸ್ ಸರಿ ಇದೆ. ಅಂದರೆ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪೇ ಸತ್ತಿದೆ. ನಾಳೆ ಬೆಳಿಗ್ಗೆ ಏಳಕ್ಕೆ ಬೇರೆ, ಯಾರೋ ಒಬ್ಬ ಅಕ್ಕನ ಮನೆ ಸಾಮಾನನ್ನು ನಾಲ್ಕು ಗಂಟೆ ದೂರದ ಊರಿಗೆ ಒಯ್ಯಬೇಕು. ಬುಕಿಂಗ್ ಹಿಡಿದದ್ದು ಅಪ್ಪ.

"ಅವನನ್ನ ಒಂದ್ಮಾತು ಕೇಳಮ್ಮ," ಎಂದಿದ್ದರು ಅಪ್ಪ.

"ಸತ್ರೂ ಕೇಳಲ್ಲ!" ಎಂದಿದ್ದಳು ಮಗಳು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು.

ಬ್ಯಾಟರಿಯ ವೈರು ಬಿಚ್ಚಿದಳು. ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದಳು. ಟ್ಯಾಂಕನ್ನು ಹಿಡಿದಿದ್ದ ಎರಡು ಪಟ್ಟಿಗಳಲ್ಲಿ ಒಂದರ ಬೋಲ್ಟು ಸುಲಭವಾಗಿ ಬಂತು. ಇನ್ನೊಂದು ತುಕ್ಕು ಹಿಡಿದು ಕಲ್ಲಾಗಿತ್ತು. ಒಳಗೆ ಹೋಗಿ ಎಣ್ಣೆ ಡಬ್ಬಿ ತಂದಳು. ಎಣ್ಣೆ ಬಿಟ್ಟಳು, ಬೈದಳು, ಮತ್ತೆ ಎಣ್ಣೆ ಬಿಟ್ಟಳು. ಮುಕ್ಕಾಲು ಗಂಟೆಯಾದ ಮೇಲೆ ಅದು ಕಿರ್ರೆಂದು ತಿರುಗಿತು. ಅವಳ ಬೆರಳ ಗಂಟಿನ ಚರ್ಮವೂ ಕಿತ್ತು ಬಂತು. ಉಳಿದಿದ್ದ ಪೆಟ್ರೋಲ್ ತೋಳಿಗೆ ಚೆಲ್ಲಿತು.

ಬಕೆಟ್ಟಿನ ಮೇಲಿದ್ದವನು ಧಡಕ್ಕನೆ ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು.

"ಕೂತ್ಕೋ!"

ಅವನು ಕೂರಲಿಲ್ಲ. ಗೇಟಿನ ಹತ್ತಿರ ಸಿಗರೇಟು ಹಚ್ಚಲು ಹೊರಟಿದ್ದ ದಾರಿಹೋಕನನ್ನು ಅಟ್ಟಿ ಬಂದು, ಆಮೇಲೆ ಕುಳಿತ. ಅವಳು ನೋಡಿದಳು. ಏನೋ ಹೊಳೆದಂತಾಯಿತು... ಬೇಡ, ಹೊಳೆಯುವುದೇ ಬೇಡ ಎಂದು ಕೆಲಸಕ್ಕೆ ತಿರುಗಿದಳು.

ಹಳೆಯ ಪಂಪ್ ಹೊರಬಂತು, ಹೊಸದು ಒಳಗೆ ಕೂತಿತು. ಅವಳು ಟ್ಯಾಂಕನ್ನು ಜಾಕ್ ಮೇಲಿಟ್ಟು ಎತ್ತತೊಡಗಿದಳು. ಅವನು ಕೆಮ್ಮಿದ.

ಇನ್ನಷ್ಟು ಎತ್ತಿದಳು. ಅವನು ಮತ್ತೆ ಕೆಮ್ಮಿದ.

"ಗಂಟಲು ನೋವಿದ್ರೆ ಒಳಗೆ ಹೋಗಿ ಬಿಸಿನೀರು ಕುಡಿ!"

ಅವನು ಕೆಮ್ಮುವುದನ್ನು ನಿಲ್ಲಿಸಿದ. ಅವಳು ಪಟ್ಟಿ ಬಿಗಿದು, ಬೆವರು ಒರೆಸಿಕೊಂಡು, ಹೊಸ ಪಂಪಿನ ಖಾಲಿ ಡಬ್ಬ ಎತ್ತಿದಳು. ಡಬ್ಬ ಖಾಲಿ ಇರಲಿಲ್ಲ. ಪಂಪಿನ ಬಾಯಿಗೆ ಕೂರಬೇಕಾದ ಕಪ್ಪು ರಬ್ಬರ್ ರಿಂಗ್ ತಳದಲ್ಲಿ ತಣ್ಣಗೆ ಮಲಗಿತ್ತು.

"ಅಯ್ಯೋ ದೇವರೇ..."

ಮತ್ತೆ ಪಟ್ಟಿ ಬಿಚ್ಚು, ಮತ್ತೆ ಟ್ಯಾಂಕ್ ಇಳಿಸು! ಅವಳಿಗೆ ಅಳು, ಸಿಟ್ಟು, ಹಸಿವು ಎಲ್ಲ ಒಟ್ಟಿಗೇ ಬಂದವು.

"ಕಂಡಿದ್ರೂ ಹೇಳ್ಲಿಲ್ವಾ?"

"ಎರಡು ಸಲ ಹೇಳಿದೆ. ಕೆಮ್ಮಿನಲ್ಲಿ."

ನಾಲ್ಕು ಗಂಟೆಗೆ ಎಲ್ಲ ಮುಗಿಯಿತು. ಪೆಟ್ರೋಲ್ ತುಂಬಿ, ಬ್ಯಾಟರಿ ಜೋಡಿಸಿ, ಸೀಟಿನಲ್ಲಿ ಕುಳಿತು ಕೀ ತಿರುಗಿಸಿದಳು.

ಸದ್ದಿಲ್ಲ.

ಮತ್ತೆ ತಿರುಗಿಸಿದಳು. ಗುಂಯ್ ಇಲ್ಲ, ಏನೂ ಇಲ್ಲ!

ಅವಳು ಸ್ಟೀರಿಂಗ್ ಮೇಲೆ ತಲೆಯಿಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಡೀ ದಿನ ತಡೆದಿದ್ದ ಕಣ್ಣೀರು ಸುರಿಯಿತು. ಗಾಡಿಗಾಗಿ ಮಾತ್ರ ಅಲ್ಲ, ಮೂರು ತಿಂಗಳಿಗಾಗಿ.

"ಖುಷಿ ಆಯ್ತಾ?" ಬಾಗಿಲ ಬಳಿ ಬಂದು ನಿಂತವನ ಮೇಲೆ ಕಿರುಚಿದಳು. "ನನ್ನ ಕೈಲಾಗಲ್ಲ ಅಂದಿದ್ಯಲ್ಲ ಊರ ಮುಂದೆ... ಸರಿಯಾಗೇ ಹೇಳಿದ್ದೆ! ಇನ್ನೂ ಯಾಕೆ ನಿಂತಿದ್ದೀಯ? ಮಾತಾಡು!"

"ಮಾತಾಡ್ಬಹುದಾ?"

"ಹೂಂ!"

"ನೀನು ಕೂರಿಸಿದ್ದರಲ್ಲಿ ಒಂದು ತಪ್ಪೂ ಇಲ್ಲ. ನಾನು ಮಾಡಿದ್ರೂ ಇಷ್ಟೇ. ಸೀಟಿನ ಕೆಳಗೆ ಕೈ ಹಾಕ್ಲಾ?"

ಅವಳು ಮೂಗು ಒರೆಸಿಕೊಳ್ಳುತ್ತ ಸರಿದಳು. ಅವನು ಬಗ್ಗಿ ಏನೋ ತಡಕಿದ. ಟಿಕ್.

"ಈಗ ಕೀ ತಿರುಗಿಸು."

ಗುಂಯ್...!

ಎಂಜಿನ್ ಒಂದೇ ಏಟಿಗೆ ಹತ್ತಿತು. ಅವಳು ಅವನತ್ತ ತಿರುಗಿದಳು.

"ಕಳ್ಳರು ಗಾಡಿ ಒಯ್ಯಬಾರ್ದು ಅಂತ ಪಂಪಿನ ಕರೆಂಟಿಗೆ ಕಳ್ಳ ಸ್ವಿಚ್ ಹಾಕಿಸಿದ್ರು ನಿಮ್ಮಪ್ಪ. ನೀನು ಹಾಸ್ಟೆಲ್ಲಲ್ಲಿದ್ದೆ ಆಗ. ಗೊತ್ತಿರೋದು ಹಾಕಿಸಿದ ಅವರಿಗೆ, ಹಾಕಿದ ನನಗೆ, ಅಷ್ಟೇ. ಬೆಳಿಗ್ಗೆ ಬಂದ ತಕ್ಷಣ ಹೇಳೋಕೆ ಹೊರಟೆ..."

"ನಾನು ಬಿಡಲಿಲ್ಲ." ಅವಳು ಎಂಜಿನ್ ಆರಿಸಿದಳು. "ಹಾಗಾದ್ರೆ... ಆಫ್ ಮಾಡಿದ್ದು ಯಾರು?"

ಇಬ್ಬರೂ ಕಿಟಕಿಯ ಕಡೆ ತಿರುಗಿದರು. ಪರದೆ ಸರ್ರನೆ ಮುಚ್ಚಿಕೊಂಡಿತು.

"ಅಪ್ಪಾ!"

ಅಪ್ಪ ಬಾಗಿಲಿಗೆ ಬಂದರು. ಬೆಟ್ಟ ಅಗೆದು ಇಲಿ ಹಿಡಿದವಳು ಮಗಳಾದರೆ, ಇಲಿಯಂತೆ ಮುಖ ಸಣ್ಣಗೆ ಮಾಡಿಕೊಂಡವರು ಅವರು.

"ನಾನೇನಮ್ಮ ಮಾಡ್ಲಿ? ಗಾಡಿ ಕೆಟ್ರೆ ಅವನಿಗೆ ಫೋನ್ ಮಾಡ್ತೀಯ ಅಂದ್ಕೊಂಡೆ. ನೀನು ಹೋಗಿ ಹೊಸ ಪಂಪೇ ತಂದೆ! ಬಿಚ್ಚೋಕೆ ಶುರು ಮಾಡಿದ ಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ."

"ನಾಳೆ ಲೋಡ್ ಇದೆ ಅಂತ ಗೊತ್ತಿದ್ದೂ?"

"ಅದಕ್ಕೇ ಕಣಮ್ಮ ಆಫ್ ಮಾಡಿದ್ದು. ಬುಕ್ ಮಾಡಿದ್ದು ಯಾರೋ ಒಬ್ಬ ಅಕ್ಕ ಅಂದಿದ್ನಲ್ಲ, ಅವಳು ಇವನ ಅಕ್ಕ. ನಾಳೆ ನೀನು ಸಾಗಿಸಬೇಕಾಗಿದ್ದು ಇವನ ಸಾಮಾನನ್ನ."

ಅವಳ ಕೈಯಲ್ಲಿದ್ದ ಕೀಗೊಂಚಲು ಕೆಳಗೆ ಬಿತ್ತು.

ಹೋಗುತ್ತಿದ್ದಾನಾ? ಹೇಳದೇ?

"ಬೇರೆ ಊರಿನ ಗ್ಯಾರೇಜಲ್ಲಿ ಕೆಲಸ ಸಿಕ್ಕಿದೆ," ಎಂದ ಅವನು ತಲೆ ತಗ್ಗಿಸಿ. "ಇಲ್ಲಿ ದಿನಾ ನಿನ್ನ ಗಾಡಿ ಗ್ಯಾರೇಜ್ ದಾಟಿ ಹೋಗುತ್ತೆ. ನಿಲ್ಲಲ್ಲ. ನನಗೆ ಆಗ್ತಿರ್ಲಿಲ್ಲ."

"ಮತ್ತೆ ನನ್ನ ಗಾಡೀನೇ ಯಾಕೆ ಬುಕ್ ಮಾಡ್ಸಿದೆ?"

"ನಾಲ್ಕು ಗಂಟೆ ಪಕ್ಕದ ಸೀಟಲ್ಲಿ ಕೂತಿದ್ರೆ, ಬೈಯೋಕಾದ್ರೂ ಒಂದು ಮಾತು ಆಡ್ತೀಯ ಅಂತ."

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ.

"ಸೇತುವೆ ಮೇಲೆ ಯಾಕೆ ಹಾಗಂದೆ?"

ಅವನು ಕೆಂಪು ಸಿಲಿಂಡರನ್ನು ನೆಲದ ಮೇಲಿಟ್ಟ.

"ನಿನ್ನ ಬಟ್ಟೆಯೆಲ್ಲ ಪೆಟ್ರೋಲ್. ನಿನ್ನ ತಲೆ ಹತ್ರ ನಿಂತಿದ್ದವನ ಬಾಯಲ್ಲಿ ಉರಿಯೋ ಸಿಗರೇಟು. ನೋಡಿದ ಕೂಡ್ಲೇ ತಲೆ ಕೆಟ್ಟೋಯ್ತು. ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಕೈಲಾಗಲ್ಲ ಅಂತ ಅಲ್ಲ... ನೀನು ಇಲ್ದೇ ಹೋದ್ರೆ ನನ್ನ ಕೈಲಾಗಲ್ಲ ಅಂತ."

ಮೌನಿ ಜೀವಮಾನದಲ್ಲಿ ಒಟ್ಟಿಗೆ ಆಡಿದ ಅತಿ ಹೆಚ್ಚು ಮಾತು ಅದೇ ಇರಬೇಕು.

ಆರು ಗಂಟೆ ಕಾಲ ಆ ಸಿಲಿಂಡರನ್ನು ತೊಡೆಯ ಮೇಲೆ ಹೊತ್ತು ಕುಳಿತಿದ್ದ ಅವನನ್ನು ಅವಳು ನೋಡಿದಳು. ಬೆಳಿಗ್ಗೆ ಅದನ್ನು ಕೊಬ್ಬು ಎಂದುಕೊಂಡಿದ್ದಳಲ್ಲ!

"ಅವತ್ತೇ ಹೇಳೋಕೇನಾಗಿತ್ತು, ಕೋತಿ?"

"ಬಾಗಿಲು ತೆಗೀಲಿಲ್ವಲ್ಲ."

"ಕೆಮ್ಮಬಾರ್ದಾಗಿತ್ತಾ?"

ಈಗ ಇಬ್ಬರೂ ನಕ್ಕರು. ಅವಳು ಬಗ್ಗಿ, ಗ್ರೀಸ್ ಮೆತ್ತಿದ ಬೆರಳುಗಳಿಂದ ಅವನ ಎಡಬೂಟಿನ ಲೇಸು ಕಟ್ಟಿದಳು. ಎದ್ದು ಅಂಗೈಯಿಂದ ಕಣ್ಣೊರೆಸಿಕೊಂಡಾಗ ಕೆನ್ನೆ ಕಪ್ಪಾಯಿತು.

"ನಾಳೆ ಏಳಕ್ಕೆ ಬರ್ತೀನಿ. ಸಾಮಾನು ಕಟ್ಟಿಟ್ಟಿರು."

ಅವನ ಮುಖ ಬಾಡಿತು. "ಅಂದ್ರೆ... ಹೋಗು ಅಂತೀಯಾ?"

"ಬುಕಿಂಗ್ ಬುಕಿಂಗೇ. ಹಿಡಿದ ಲೋಡ್ ಬಿಡೋದು ನನ್ನ ಜಾಯಮಾನ ಅಲ್ಲ. ಆದ್ರೆ ಇಳಿಸೋ ಜಾಗ ಬದಲಾಗಿದೆ."

"ಎಲ್ಲಿಗೆ?"

ಅವಳು ಉತ್ತರಿಸದೆ ತನ್ನ ಮನೆಯ ಬಾಗಿಲು ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಗಾಬರಿಯಾದರು.

"ಏಯ್, ಮೊದಲು ಮನೆಯವರನ್ನ ಕರ್ಕೊಂಡು ಬಾರೋ! ಮಂಚ, ಬೀರು ಎಲ್ಲ ಮದುವೆ ಆದ್ಮೇಲೆ!"

"ಆಗ್ಲಿ... ಮಾವ," ಎಂದ ಅವನು. ಇಷ್ಟು ವರ್ಷ ಅಂಕಲ್ ಎನ್ನುತ್ತಿದ್ದವನು! ಅಪ್ಪ ಕನ್ನಡಕ ಒರೆಸುವ ನೆಪ ಮಾಡಿ ಒಳಗೆ ಹೋದರು.

"ಆ ಹೊಸ ಕೆಲಸ?" ಅವಳು ಮೆಲ್ಲಗೆ ಕೇಳಿದಳು.

"ಇವತ್ತೇ ಫೋನ್ ಮಾಡಿ ಬರಲ್ಲ ಅಂತೀನಿ. ನೀನು ನನ್ನ ನಂಬರ್ ಬ್ಲಾಕಿಂದ ತೆಗೀತೀಯಾ?"

"ಬೆಳಿಗ್ಗೆನೇ ತೆಗೆದೆ."

"ಯಾವಾಗ?"

"ಲೇಸು ಕಂಡ ಮೇಲೆ... ಎಣ್ಣೆ ಡಬ್ಬಿ ತರೋಕೆ ಒಳಗೆ ಹೋಗಿದ್ದೆನಲ್ಲ, ಆಗ."